ಉಗಿ ದೋಣಿ ಕಟ್ಟುವವರಿಗೆ: ಮೊದಲು ಬಾಯ್ಲರ್, ಆಮೇಲೆ ಉಳಿದದ್ದು

ಮಾದರಿ ಉಗಿ ದೋಣಿಗೆ ಕೈಹಾಕುವವರಲ್ಲಿ ಬಹುಪಾಲು ಜನ ಒಡಲಿನಿಂದ ಶುರು ಮಾಡುತ್ತಾರೆ. ಒಡಲು ಕಣ್ಣಿಗೆ ಚೆಂದ. ಮರಗೆಲಸ ಮಲೆನಾಡಿನವರಿಗೆ ಹೊಸದಲ್ಲ, ಗುಡಿಗಾರರಿರುವ ಸಾಗರ, ಸೊರಬದ ಕಡೆ ಉಳಿ ಹಿಡಿಯುವ ಕೈಗಳಿಗೆ ಬರವೂ ಇಲ್ಲ. ಆದರೆ ಒಡಲು ಮುಗಿದು ವಾರ್ನಿಶ್ ಒಣಗಿದ ಮೇಲೆ ಬಾಯ್ಲರ್ ಇಟ್ಟು ನೋಡಿದರೆ ಒಂದೋ ಅದು ಕೂರುವುದಿಲ್ಲ, ಕೂತರೂ ಎಂಜಿನ್ನಿಗೆ ಸಾಲುವಷ್ಟು ಉಗಿ ಕೊಡುವುದಿಲ್ಲ. ಹಾಗಾಗಿ ಇಲ್ಲಿ ಲೆಕ್ಕ ಹಿಂದಿನಿಂದ ಮುಂದಕ್ಕೆ ಬರುತ್ತದೆ: ಎಂಜಿನ್ ಎಷ್ಟು ಉಗಿ ಕುಡಿಯುತ್ತದೆ, ಯಾವ ಬಾಯ್ಲರ್ ಅದನ್ನು ಕೊಡುತ್ತದೆ, ಆ ತೂಕವನ್ನು ಎಂಥ ಒಡಲು ಹೊರುತ್ತದೆ.

ಉಗಿಯ ಲೆಕ್ಕ

12 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 12 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಇರುವ ಎರಡು ಸಿಲಿಂಡರಿನ ಎಂಜಿನ್ ತೆಗೆದುಕೊಳ್ಳಿ. ಪಿಸ್ಟನ್ನಿನ ಎರಡೂ ಬದಿಗೆ ಉಗಿ ಹೋಗುವಂಥದ್ದು. ಒಂದು ಸುತ್ತಿಗೆ ಸುಮಾರು 5.4 ಸಿ.ಸಿ. ಉಗಿ ಬೇಕು. ನಿಮಿಷಕ್ಕೆ 600 ಸುತ್ತಿನಂತೆ 2 ಬಾರ್ ಒತ್ತಡದಲ್ಲಿ ಓಡಿದರೆ, ಕಾಗದದ ಮೇಲೆ ನಿಮಿಷಕ್ಕೆ 5.4 ಗ್ರಾಂ ನೀರು ಸಾಕು. ಆದರೆ ಸಣ್ಣ ಎಂಜಿನ್ನಿನ ಗೋಡೆ ತಣ್ಣಗಿರುತ್ತದೆ, ಒಳಗೆ ಹೊಕ್ಕ ಉಗಿಯಲ್ಲಿ ಒಂದು ಪಾಲು ಕೆಲಸ ಮಾಡುವ ಮೊದಲೇ ನೀರಾಗುತ್ತದೆ, ಸಂದುಗಳಲ್ಲಿ ಇನ್ನಷ್ಟು ಸೋರುತ್ತದೆ. ನಿಮಿಷಕ್ಕೆ 10 ಗ್ರಾಂ ಎಂದೇ ಇಟ್ಟುಕೊಳ್ಳಿ. ಅದೇ ಎಂಜಿನ್ 10 × 10 ಮಿ.ಮೀ. ಆಗಿದ್ದರೆ 6 ಗ್ರಾಂ ಸಾಕು. ಬೋರ್, ಸ್ಟ್ರೋಕ್ ಎರಡರಲ್ಲೂ ಕಣ್ಣಿಗೆ ಕಾಣದ 2 ಮಿ.ಮೀ. ವ್ಯತ್ಯಾಸ ಓಟದ ಹೊತ್ತನ್ನು ಒಂದೂವರೆ ಪಟ್ಟಿಗಿಂತ ಹೆಚ್ಚು ಮಾಡಿಬಿಡುತ್ತದೆ.

‘ಒಂದೇ ಸಿಲಿಂಡರ್ ತಾನೇ, ಕಡಿಮೆ ಕುಡಿಯುತ್ತದೆ’ ಎಂಬ ಭ್ರಮೆ ಬೇಡ. ಬ್ರಿಟನ್ನಿನ ಸ್ಟುವರ್ಟ್ ಕಂಪನಿಯ 10ವಿ ಎಂಬ ಹೆಸರುವಾಸಿ ಎಂಜಿನ್ನಿಗೆ ಇರುವುದು ಒಂದೇ ಸಿಲಿಂಡರ್. ಆದರೆ ಬೋರ್ ಮುಕ್ಕಾಲು ಇಂಚು, ಸ್ಟ್ರೋಕೂ ಮುಕ್ಕಾಲು ಇಂಚು. ಸುತ್ತಿಗೆ ಸುಮಾರು 10.9 ಸಿ.ಸಿ., ಅಂದರೆ ಮೇಲಿನ ಜೋಡಿ ಸಿಲಿಂಡರಿನ ಎರಡರಷ್ಟು.

ಎಂಜಿನ್: ತೂಗುವ ಸಿಲಿಂಡರೋ, ಸ್ಲೈಡ್ ವಾಲ್ವೋ

ತೂಗುವ ಸಿಲಿಂಡರಿನ ಎಂಜಿನ್ನಿನಲ್ಲಿ ಸಿಲಿಂಡರೇ ತೊಟ್ಟಿಲಿನ ಹಾಗೆ ಆಡುತ್ತದೆ. ಅದರ ಮುಖದಲ್ಲಿರುವ ತೂತು ನಿಂತ ಫಲಕದ ತೂತಿಗೆ ಎದುರಾದಾಗ ಉಗಿ ಒಳಗೆ, ದಾಟಿದಾಗ ಹೊರಗೆ. ಬೇರೆ ವಾಲ್ವ್ ಇಲ್ಲ, ವಾಲ್ವನ್ನು ಆಡಿಸುವ ಎಕ್ಸೆಂಟ್ರಿಕ್ ಇಲ್ಲ. ಗನ್‌ಮೆಟಲ್ ಬುಷ್ ತಿರುಗಿಸಿ ಅಭ್ಯಾಸವಿರುವ ಯಾವ ಲೇತ್ ಅಂಗಡಿಯಲ್ಲೂ ಇದರ ಮುಖ್ಯ ಭಾಗಗಳಾಗುತ್ತವೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಅಂಥವರು ಸಿಗುತ್ತಾರೆ. ಅವರಿಗೆ ಬಿಡಿಸಿ ಹೇಳಬೇಕಾದದ್ದು ಎರಡೇ. ಬೋರನ್ನು ಡ್ರಿಲ್‌ನಲ್ಲಿ ಮುಗಿಸದೆ ರೀಮರ್ ಹಾಕಿ. ಪೋರ್ಟ್ ಮುಖವನ್ನು (ಉಗಿಯ ತೂತಿರುವ ಮುಖ) ಫೈಲ್‌ನಲ್ಲಿ ಉಜ್ಜದೆ, ಗಾಜಿನ ಹಲಗೆಯ ಮೇಲೆ ನುಣುಪು ಎಮರಿ ಹಾಸಿ ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಿ.

ಇದರ ಒಂದು ಗುಣವನ್ನು ಹೊಸಬರು ಗಮನಿಸುವುದಿಲ್ಲ. ತಣ್ಣಗಿನ ಸಿಲಿಂಡರಿನಲ್ಲಿ ನೀರು ತುಂಬಿಕೊಂಡರೆ ಅದನ್ನು ಫಲಕಕ್ಕೆ ಒತ್ತಿ ಹಿಡಿದ ಸ್ಪ್ರಿಂಗ್ ಸ್ವಲ್ಪ ಬಿಟ್ಟು ಸಿಲಿಂಡರ್ ಮುಖದಿಂದ ಎದ್ದು ನೀರನ್ನು ಉಗುಳುತ್ತದೆ, ಏನೂ ಮುರಿಯುವುದಿಲ್ಲ. ದೋಷವೂ ಅದೇ ಸ್ಪ್ರಿಂಗಿನಲ್ಲಿದೆ. ಒತ್ತಡ 3 ಬಾರ್ ಹತ್ತಿರ ಹೋದಂತೆ ಮುಖ ಬಿಡುತ್ತದೆ, ಉಗಿ ಸೋರುತ್ತದೆ. ಸ್ಪ್ರಿಂಗ್ ಬಿಗಿ ಮಾಡಿದರೆ ಉಜ್ಜಾಟ ಹೆಚ್ಚಿ ಎಂಜಿನ್ ಮಂದವಾಗುತ್ತದೆ. ಎರಡರ ನಡುವೆ ಅರ್ಧ ತಿರುವಿನ ಜಾಗವಷ್ಟೇ ಇರುತ್ತದೆ.

ಸ್ಲೈಡ್ ವಾಲ್ವ್ ಎಂಜಿನ್ನಿನಲ್ಲಿ ಸಿಲಿಂಡರ್ ಅಲುಗುವುದಿಲ್ಲ, ಹಿಂದೆ ಮುಂದೆ ಜಾರುವ ವಾಲ್ವ್ ಉಗಿಯನ್ನು ಒಳಗೆ ಹೊರಗೆ ಬಿಡುತ್ತದೆ. ನೋಡಲು ನಿಜವಾದ ಹಡಗಿನ ಎಂಜಿನ್. 3–4 ಬಾರ್ ತಡೆಯುತ್ತದೆ, ಉಗಿಯನ್ನು ಮಿತವಾಗಿ ಬಳಸುತ್ತದೆ. ಆದರೆ ಒಳಗೆ ನೀರು ನಿಂತಾಗ ಬಲವಂತವಾಗಿ ತಿರುಗಿಸಿದರೆ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ರತಿ ಸಿಲಿಂಡರಿಗೂ ನೀರು ಬಸಿಯುವ ಡ್ರೇನ್ ಕಾಕ್ ಬೇಕೇ ಬೇಕು. ವಾಲ್ವಿನ ಹೊಂದಾಣಿಕೆ ತಾಳ್ಮೆಯ ಕೆಲಸ, ಎಕ್ಸೆಂಟ್ರಿಕ್ ಐದು ಡಿಗ್ರಿ ಜರುಗಿದರೂ ಒಂದು ದಿಕ್ಕಿಗೆ ಹುರುಪು, ಇನ್ನೊಂದು ದಿಕ್ಕಿಗೆ ಕುಂಟು.

ಯಾವುದನ್ನೇ ಆರಿಸಿ, ಕ್ರ್ಯಾಂಕ್‌ಗಳು 90 ಡಿಗ್ರಿಯಲ್ಲಿರುವ ಎರಡು ಸಿಲಿಂಡರ್ ಇರಲಿ. ಒಂಟಿ ಸಿಲಿಂಡರಿನ ಎಂಜಿನ್, ಪಿಸ್ಟನ್ ತುದಿಯಲ್ಲಿ ನಿಂತುಬಿಟ್ಟರೆ ತಾನಾಗಿ ಏಳುವುದಿಲ್ಲ. ಮೇಜಿನ ಮೇಲೆ ಬೆರಳಿನಿಂದ ನೂಕಬಹುದು, ಕೆರೆಯ ನಡುವೆ ಯಾರು ನೂಕುತ್ತಾರೆ? ರೇಡಿಯೊದಿಂದ ನಿಲ್ಲಿಸಿ, ಹಿಂದಕ್ಕೆ ಮುಂದಕ್ಕೆ ಓಡಿಸುವ ಆಸೆಯಿದ್ದರೆ ಈ ವಿಷಯದಲ್ಲಿ ಆಯ್ಕೆಯೇ ಇಲ್ಲ. ಓ-ರಿಂಗ್ ಹಾಕುವುದಾದರೆ ಪೈಪ್ ಅಂಗಡಿಯ ಸಾಮಾನ್ಯ ಕಪ್ಪು ರಬ್ಬರ್ ಬೇಡ, ಉಗಿಯ ಬಿಸಿಗೆ ಗಟ್ಟಿಯಾಗಿ ಬಿರಿಯುತ್ತದೆ. ವೈಟನ್ ಕೇಳಿ, ಇಲ್ಲವೇ ಗ್ರಾಫೈಟ್ ದಾರ ಸುತ್ತಿ.

ಬಾಯ್ಲರ್: ಹಂಡೆಯೋ, ಬಚ್ಚಲ ಬಾಯ್ಲರೋ

ಇಲ್ಲಿ ಮೂರು ಜಾತಿ. ಮಲೆನಾಡಿನ ಬಚ್ಚಲುಮನೆ ನೋಡಿದವರಿಗೆ ಎರಡು ಆಗಲೇ ಗೊತ್ತು.

ಮೊದಲನೆಯದು ಹಂಡೆ: ಅಡ್ಡ ಮಲಗಿಸಿದ ತಾಮ್ರದ ಕೊಳವೆ, ಕೆಳಗೆ ಬೆಂಕಿ. ಕಟ್ಟುವುದು ಅತಿ ಸುಲಭ, ಬೆಸುಗೆ ಕಡಿಮೆ. ಆದರೆ ಒಲೆಯ ಶಾಖದಲ್ಲಿ ಬಹುಪಾಲು ಪಕ್ಕದಿಂದ ಏರಿ ಹೋಗುತ್ತದೆ, ಗಾಳಿ ಬೀಸಿದರೆ ಜ್ವಾಲೆ ಹಂಡೆಯ ತಳ ಬಿಟ್ಟು ಒಡಲಿನ ಮರ ನೆಕ್ಕುತ್ತದೆ. 8 ಮಿ.ಮೀ. ಬೋರಿನ ಪುಟ್ಟ ಎಂಜಿನ್ನಿಗೆ ಸರಿ, ಅದಕ್ಕಿಂತ ದೊಡ್ಡದಕ್ಕೆ ಬೇಡ.

ಎರಡನೆಯದು ಅಡ್ಡ ಬಾಯ್ಲರ್, ನಡುವೆ ಬೆಂಕಿಕೊಳವೆ. ಬೆಂಕಿಯ ಸುತ್ತ ನೀರೇ ಇರುವುದರಿಂದ ಶಾಖ ಪೋಲಾಗುವುದು ಕಡಿಮೆ, ತೂಕ ತಳದಲ್ಲೇ ಕೂರುತ್ತದೆ. ಸಮಸ್ಯೆ ನೀರಿನ ಮಟ್ಟದ್ದು. ಹೊರವ್ಯಾಸ 100 ಮಿ.ಮೀ., ಗೋಡೆ 2 ಮಿ.ಮೀ., ಉದ್ದ 200 ಮಿ.ಮೀ., ಮಧ್ಯದಿಂದ 10 ಮಿ.ಮೀ. ಕೆಳಗೆ 45 ಮಿ.ಮೀ. ಬೆಂಕಿಕೊಳವೆ ಎಂದು ಇಟ್ಟುಕೊಳ್ಳಿ. ಒಳಗೆ ಹಿಡಿಯುವುದು 1.1 ಲೀಟರಿನ ಮೇಲೆ. ಮೇಲೆ ಉಗಿಗೆ ಜಾಗ ಬಿಟ್ಟು ಸುಮಾರು 940 ಮಿ.ಲೀ. ಸುರಿಯುತ್ತೀರಿ. ಆದರೆ ಬೆಂಕಿಕೊಳವೆಯ ನೆತ್ತಿ ಯಾವ ಕಾರಣಕ್ಕೂ ಬರಿದಾಗಬಾರದು. ಅದಕ್ಕಿಂತ ಮೂರ್ನಾಲ್ಕು ಮಿ.ಮೀ. ಮೇಲೆ ಗೆರೆ ಹಾಕಿದರೆ ನಿಜವಾಗಿ ಉಗಿಯಾಗಿಸಲು ಸಿಗುವುದು 230 ಮಿ.ಲೀ. ಮಾತ್ರ! 12 × 12 ಎಂಜಿನ್ನಿಗೆ 23 ನಿಮಿಷ, 10 × 10ಕ್ಕೆ 38 ನಿಮಿಷ. ಬಾಯ್ಲರಿನ ಒಟ್ಟು ಅಳತೆ ನೋಡಿ ಓಟದ ಹೊತ್ತು ಅಂದಾಜು ಮಾಡುವವರು ಬೀಳುವ ಹಳ್ಳ ಇದೇ. ಬೆಂಕಿಕೊಳವೆಯನ್ನು ಇನ್ನೂ ಕೆಳಗಿಳಿಸಿದರೆ, ಅಥವಾ ಕೈಪಂಪಿನಿಂದ ನಡುವೆ ನೀರು ಕೊಡುವ ವ್ಯವಸ್ಥೆ ಮಾಡಿದರೆ ಹೊತ್ತು ಹಿಗ್ಗುತ್ತದೆ.

ಮೂರನೆಯದು ನಿಂತ ಬಾಯ್ಲರ್, ಒಳಗೆ 10 ಮಿ.ಮೀ.ನ ಹತ್ತಾರು ಬೆಂಕಿಕೊಳವೆಗಳು. ತೆರೆದ ದೋಣಿಯಲ್ಲಿ ಇದರಷ್ಟು ಲಕ್ಷಣವಾಗಿ ಕಾಣುವುದು ಬೇರಿಲ್ಲ. ಕೊಳವೆಗಳ ಮೇಲ್ತುದಿ ಉಗಿಯ ಜಾಗದಲ್ಲೇ ಇರುವಂತೆ ಇದನ್ನು ಕಟ್ಟುವುದರಿಂದ ನೀರಿನ ಹೆಚ್ಚು ಪಾಲು ಬಳಕೆಗೆ ಬರುತ್ತದೆ, ಉಗಿಯೂ ಸ್ವಲ್ಪ ಒಣಗಿ ಬರುತ್ತದೆ. ಆದರೆ ಎತ್ತರ. ಒಂದು ಲೀಟರ್ ನೀರು ಮತ್ತು ತಾಮ್ರ ನೀರಿನ ಮಟ್ಟಕ್ಕಿಂತ ಮೇಲೆ ಕೂತರೆ ದೋಣಿ ಪ್ರತಿ ತಿರುವಿನಲ್ಲಿ ಹೊರಳಲು ನೋಡುತ್ತದೆ. ಅಗಲ 22 ಸೆಂ.ಮೀ.ಗಿಂತ ಕಡಿಮೆಯ ದೋಣಿಗೆ ಇದನ್ನು ಹೊರಿಸಬೇಡಿ. ಒಂದೊಂದು ಕೊಳವೆಗೂ ಎರಡು ಬೆಸುಗೆ, ಹತ್ತೊಂಬತ್ತು ಕೊಳವೆಗೆ ಮೂವತ್ತೆಂಟು. ಮೊದಲ ಬಾಯ್ಲರಿಗೆ ಇದು ತಲೆನೋವು.

ನಮ್ಮ ಮತ ಎರಡನೆಯದಕ್ಕೆ.

ಬಾಯ್ಲರ್ ಕಾಯ್ದೆ 25 ಲೀಟರಿಗಿಂತ ಕಡಿಮೆ ಹಿಡಿಯುವವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂದರೆ ಇದನ್ನು ನೋಡಲು ಇನ್‌ಸ್ಪೆಕ್ಟರ್ ಬರುವುದಿಲ್ಲ, ನೀವೇ ಇನ್‌ಸ್ಪೆಕ್ಟರ್. 3 ಬಾರ್ ಅಂದರೆ ಪಂಕ್ಚರ್ ಅಂಗಡಿಯ ಲೆಕ್ಕದಲ್ಲಿ 43 ಪಿಎಸ್‌ಐ, ಕಾರಿನ ಚಕ್ರಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಮೇಲೆ ಹೇಳಿದ ಬಾಯ್ಲರಿನ ಒಂದೊಂದು ಮುಚ್ಚಳದ ಮೇಲೂ ಅದು ಸುಮಾರು 170 ಕೆ.ಜಿ. ಆಗಿ ಒತ್ತುತ್ತದೆ, ಮೂರು ಮೂಟೆ ಅಕ್ಕಿಗಿಂತ ಹೆಚ್ಚು. ಅದಕ್ಕೇ ಮುಚ್ಚಳಕ್ಕೆ ಅಂಚು ಮಡಚಿದ 2–2.5 ಮಿ.ಮೀ. ತಾಮ್ರ, ಒಂದು ಮುಚ್ಚಳದಿಂದ ಇನ್ನೊಂದಕ್ಕೆ ಬಿಗಿಯುವ ಒಂದೆರಡು ಸ್ಟೇ ಸರಳು.

ಕೊಳವೆ ಬೆಸುಗೆಯಿಲ್ಲದ ತಾಮ್ರವೇ ಆಗಬೇಕು. ಈ ವ್ಯಾಸದ್ದು ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಲೋಹದ ಅಂಗಡಿಗಳಲ್ಲಿ ತುಂಡು ಕೇಳಿ. ಹಳೆಯ ಹಂಡೆಯ ತಗಡು ಕತ್ತರಿಸುವ ಯೋಚನೆ ಬಿಡಿ, ಸವೆದು ಎಲ್ಲಿ ಎಷ್ಟು ತೆಳುವಾಗಿದೆ ತಿಳಿಯುವುದಿಲ್ಲ. ಬಾಯ್ಲರಿನ ಬುಷ್‌ಗಳಿಗೆ ಹಿತ್ತಾಳೆ ಬೇಡ. ಬಿಸಿನೀರಿನಲ್ಲಿ ಅದರ ಸತು ಕರಗಿ ಹೋಗಿ ಸ್ಪಂಜಿನಂಥ ತಾಮ್ರ ಉಳಿಯುತ್ತದೆ. ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್ ಹಾಕಿ.

ಬೆಸುಗೆಯಲ್ಲಿ ಮೂರು ದಾರಿ ಕಾಣಿಸುತ್ತವೆ. ರೇಡಿಯೊ ರಿಪೇರಿಯ ಸೀಸ–ತವರದ ಬೆಸುಗೆ 183 ಡಿಗ್ರಿಗೇ ಕರಗುತ್ತದೆ. 3 ಬಾರ್ ಉಗಿ 144 ಡಿಗ್ರಿಯಲ್ಲಿರುತ್ತದೆ. ನೀರಿರುವ ತನಕ ಸರಿ, ನೀರು ಮುಗಿದ ಗಳಿಗೆಯಲ್ಲಿ ಬಾಯ್ಲರ್ ಬಿಚ್ಚಿಕೊಳ್ಳುತ್ತದೆ. ಎ.ಸಿ., ಫ್ರಿಜ್ ಮೆಕ್ಯಾನಿಕ್‌ಗಳ ರಾಡ್ ತಾಮ್ರ–ಫಾಸ್ಫರಸ್‌ನದು. ಬಲ ಚೆನ್ನಾಗಿದೆ, ಫ್ಲಕ್ಸೂ ಬೇಡ, ಕೈಗೆಟುಕುವ ಬೆಲೆ. ಆದರೆ ಗ್ಯಾಸಿನ ವಾಸನೆಗೆಂದು ಬೆರೆಸುವ ಗಂಧಕದ ಸಂಯುಕ್ತ ಬೆಂಕಿಯ ಬದಿಯಲ್ಲಿ ಆ ಬೆಸುಗೆಯನ್ನು ವರ್ಷಾನುಗಟ್ಟಲೆ ತಿನ್ನುತ್ತದೆ. ಉಳಿದದ್ದು 45–55 ಶೇಕಡಾ ಬೆಳ್ಳಿಯ, ಕ್ಯಾಡ್ಮಿಯಂ ಇಲ್ಲದ ರಾಡ್. 630ರಿಂದ 680 ಡಿಗ್ರಿಯ ಆಸುಪಾಸು ಕರಗಿ ಸಂದಿನೊಳಗೆ ತಾನಾಗಿ ಹರಿಯುತ್ತದೆ. ದುಬಾರಿ, ಆದರೂ ಇಲ್ಲಿ ಉಳಿತಾಯ ಮಾಡುವ ಹಾಗಿಲ್ಲ. ಸಂದು 0.05ರಿಂದ 0.15 ಮಿ.ಮೀ. ಇರಲಿ, ಅದಕ್ಕಿಂತ ಸಡಿಲವಾದರೆ ಬೆಳ್ಳಿ ನಿಲ್ಲದೆ ಸುರಿಯುತ್ತದೆ.

ಚಿನಿವಾರರ ಸಣ್ಣ ಜ್ವಾಲೆಗೆ ಈ ಗಾತ್ರದ ತಾಮ್ರ ಕಾಯುವುದಿಲ್ಲ, ಹಾಕಿದಷ್ಟು ಶಾಖ ಅತ್ತ ಕಡೆ ಹರಿದು ಹೋಗುತ್ತದೆ. ಸುತ್ತ ಫೈರ್‌ಬ್ರಿಕ್ ಜೋಡಿಸಿ ದೊಡ್ಡ ಎಲ್‌ಪಿಜಿ ಟಾರ್ಚಿನಲ್ಲಿ ಇಡೀ ಬಾಯ್ಲರನ್ನು ಮಂದ ಕೆಂಪಾಗುವವರೆಗೆ ಕಾಯಿಸಬೇಕು. ರಾಡನ್ನು ಜ್ವಾಲೆಯಲ್ಲಿ ಕರಗಿಸಿ ತೊಟ್ಟಿಕ್ಕಿಸುವುದಲ್ಲ, ಬಿಸಿ ತಾಮ್ರಕ್ಕೆ ಮುಟ್ಟಿಸಿದಾಗ ಅದೇ ಎಳೆದುಕೊಳ್ಳಬೇಕು. ಆರಿದ ಮೇಲೆ ದಿನಸಿ ಅಂಗಡಿಯ ನಿಂಬೆ ಉಪ್ಪನ್ನು ಬಿಸಿನೀರಿಗೆ ಹಾಕಿ, ಲೀಟರಿಗೆ 100 ಗ್ರಾಂ, ರಾತ್ರಿಯಿಡೀ ನೆನೆಸಿದರೆ ಕರಿಯೂ ಫ್ಲಕ್ಸೂ ಬಿಡುತ್ತವೆ.

ಪರೀಕ್ಷೆ ನೀರಿನಲ್ಲೇ. ಗಾಳಿಯ ಗುಳ್ಳೆ ಉಳಿಯದಂತೆ ತುಂಬಿ, ಪ್ಲಂಬರ್‌ಗಳು ಪೈಪ್ ಲೈನ್ ಪರೀಕ್ಷಿಸುವ ಕೈಪಂಪಿನಿಂದ 3 ಬಾರ್ ಬಾಯ್ಲರಿಗೆ 6 ಬಾರ್ ಒತ್ತಿ ಅರ್ಧ ಗಂಟೆ ಬಿಡಿ. ಒತ್ತಡದ ಮಾಪಕದ ಮುಳ್ಳು ಇಳಿಯಬಾರದು, ಮುಚ್ಚಳ ಉಬ್ಬಬಾರದು. ಪಂಕ್ಚರ್ ಅಂಗಡಿಯ ಗಾಳಿ ಮಾತ್ರ ಬೇಡವೇ ಬೇಡ. ಒಡೆದಾಗ ನೀರು ಚಿಮ್ಮಿ ಸುಮ್ಮನಾಗುತ್ತದೆ, ಗಾಳಿ ತಾಮ್ರವನ್ನೇ ಎಸೆಯುತ್ತದೆ.

ಇಂಧನ

ಸ್ಪಿರಿಟ್ ದೀಪ ಅಗ್ಗ, ಜೆಟ್ ಇಲ್ಲ, ವಾಲ್ವ್ ಇಲ್ಲ. ಬಿಸಿಲಲ್ಲಿ ಅದರ ಜ್ವಾಲೆ ಕಾಣುವುದಿಲ್ಲ, ದೋಣಿ ವಾಲಿದರೆ ಚೆಲ್ಲಿ ಹೊತ್ತುತ್ತದೆ. ಮೇಲಿನ 23 ನಿಮಿಷದ ಓಟಕ್ಕೆ 45–50 ಗ್ರಾಂ ಬೇಕು. ಬ್ಯೂಟೇನ್ ಆದರೆ ಸುಮಾರು 27 ಗ್ರಾಂ ಸಾಕು, ಉರಿಯನ್ನು ತಿರುಪಿನಿಂದ ಏರಿಸಿ ಇಳಿಸಬಹುದು, ನಡುವೆ ಬೆಂಕಿಕೊಳವೆಯಿರುವ ಬಾಯ್ಲರಿಗೆ ಅದೇ ಹೊಂದುವುದು. ಟ್ಯಾಂಕಿಗೆ ತುಂಬುವ ಡಬ್ಬಿಯ ಮೇಲೆ ಬ್ಯೂಟೇನ್ ಎಂದಷ್ಟೇ ಇರಬೇಕು. ತಿರುಪು ಬಾಯಿಯ ಟ್ರೆಕ್ಕಿಂಗ್ ಡಬ್ಬಿಗಳಲ್ಲಿ, ಅಡುಗೆ ಸಿಲಿಂಡರಿನಲ್ಲಿ ಪ್ರೊಪೇನ್ ಬೆರೆತಿರುತ್ತದೆ. 30 ಡಿಗ್ರಿಯಲ್ಲಿ ಬ್ಯೂಟೇನ್ ಒತ್ತಡ 2 ಬಾರ್‌ಗಿಂತ ಕಡಿಮೆ, ಪ್ರೊಪೇನಿನದು ಅದರ ಐದು ಪಟ್ಟು. ಬ್ಯೂಟೇನಿಗೆಂದು ಕಟ್ಟಿದ ಟ್ಯಾಂಕಿಗೆ ಅಡುಗೆ ಗ್ಯಾಸ್ ತುಂಬುವುದು ಹುಚ್ಚುತನ.

ಉರಿ ಹತ್ತು ನಿಮಿಷಕ್ಕೆ ಮಂಕಾದರೆ ಜೆಟ್ ಕಟ್ಟಿದೆ ಎಂದು ಬಿಚ್ಚಲು ಹೋಗಬೇಡಿ, ಮೊದಲು ಟ್ಯಾಂಕ್ ಮುಟ್ಟಿ ನೋಡಿ. ಆವಿಯಾಗುತ್ತಾ ಗ್ಯಾಸ್ ತನ್ನನ್ನೇ ತಣ್ಣಗೆ ಮಾಡಿಕೊಳ್ಳುತ್ತದೆ, ಮೇಲೆ ಇಬ್ಬನಿ ಕೂತಿರುತ್ತದೆ. ಟ್ಯಾಂಕನ್ನು ಬಾಯ್ಲರಿನ ಹತ್ತಿರಕ್ಕೆ ಸರಿಸಿದರೆ ಸಾಕು, ಆದರೆ ಕೈಯಿಟ್ಟರೆ ಉಗುರುಬೆಚ್ಚಗಿರಬೇಕು, ಅಷ್ಟೇ. ಜೆಟ್ ನಿಜಕ್ಕೂ ಕಟ್ಟಿದ್ದರೆ ಸೂಜಿ ಚುಚ್ಚದೆ ಥಿನ್ನರಿನಲ್ಲಿ ನೆನೆಸಿ ಹಿಂದಿನಿಂದ ಊದಿ. ಬ್ಯೂಟೇನ್ ಗಾಳಿಗಿಂತ ಎರಡು ಪಟ್ಟು ಭಾರ, ಸೋರಿದ್ದು ಒಡಲಿನ ತಳದಲ್ಲಿ ನಿಂತಿರುತ್ತದೆ. ಹಚ್ಚುವ ಮೊದಲು ದೋಣಿಯನ್ನು ಓರೆ ಮಾಡಿ ಊದಿ ತೆಗೆಯಿರಿ.

ಒಡಲು

ಉದ್ದ 90, ಅಗಲ 24, ಮುಳುಗು 9 ಸೆಂ.ಮೀ. ಇರುವ ದುಂಡು ಒಡಲು ಸುಮಾರು 9.7 ಕೆ.ಜಿ. ಹೊರುತ್ತದೆ. ನೀರು ತುಂಬಿದ ಬಾಯ್ಲರ್ 3, ಎಂಜಿನ್ 1, ಟ್ಯಾಂಕ್, ಪೈಪು, ಬ್ಯಾಟರಿ ಸೇರಿ 1, ಒಡಲು 2.5 ಕೆ.ಜಿ. ಉಳಿದದ್ದು ಟೈರ್ ಅಂಗಡಿಯಲ್ಲಿ ಸಿಗುವ ಹಳೆಯ ಸೀಸದ ತುಂಡುಗಳಿಗೆ. ಇದಕ್ಕಿಂತ ಗಿಡ್ಡ ಒಡಲು ಈ ಯಂತ್ರಕ್ಕೆ ಸಾಲದು.

ಫೈಬರ್ ಒಡಲು ಸೋರುವುದಿಲ್ಲ, ಬೇಗ ಆಗುತ್ತದೆ. ಆದರೆ ಬಾಯ್ಲರಿನ ಬಿಸಿಗೆ ಮೆತ್ತಗಾಗುತ್ತದೆ, ನಡುವೆ ಅಲ್ಯುಮಿನಿಯಂ ತಗಡು ಮತ್ತು ಸೆರಾಮಿಕ್ ಕಾಗದ ಬೇಕು. 4 ಮಿ.ಮೀ. ಪ್ಲೈವುಡ್‌ನ ಕೋನದ ಒಡಲು ಮೊದಲ ದೋಣಿಗೆ ಒಳ್ಳೆಯದು. ಅಂಗಡಿಯಲ್ಲಿ ಐಎಸ್ 710 ಮುದ್ರೆ ನೋಡಿ. ಐಎಸ್ 303ರ ಎಂಆರ್ ದರ್ಜೆ ಒಂದೇ ಮಳೆಗಾಲಕ್ಕೆ ಪದರ ಬಿಡುತ್ತದೆ. ಪಟ್ಟಿ ಜೋಡಿಸಿ ಕಟ್ಟುವುದಾದರೆ ತೇಗ ಭಾರ, ಸುಲಭವಾಗಿ ಬಾಗುವುದೂ ಇಲ್ಲ. ದೋಣಿ ಕಟ್ಟಲು ಹಿಂದಿನಿಂದಲೂ ಬಳಸುತ್ತಿದ್ದ ಹೆಬ್ಬಲಸು, ಇಲ್ಲವೇ ಹಲಸು, 6 × 2.5 ಮಿ.ಮೀ. ಪಟ್ಟಿಯಾಗಿ ಸೀಳಿಸಿದರೆ ಹದವಾಗಿ ಬಳುಕುತ್ತದೆ. ಅಡಿಕೆ ದಬ್ಬೆ ಕೈಗೆ ಸಿಗುತ್ತದೆಂದು ಹಚ್ಚಬೇಡಿ, ಅದರ ಒಳಮೈ ನೀರು ಹೀರುತ್ತದೆ. ಆಷಾಢದಲ್ಲಿ ಇಪಾಕ್ಸಿ ಬಳಿದರೆ ಮೇಲೆ ಜಿಡ್ಡಿನ ಪೊರೆ ಕೂರುತ್ತದೆ. ನೀರು ಹಾಕಿ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಿಂದ ತೊಳೆದು, ಒಣಗಿಸಿ, ಆಮೇಲೆ ಉಪ್ಪು ಕಾಗದ ಹಾಕಿ. ತೊಳೆಯದೆ ಉಜ್ಜಿದರೆ ಮುಂದಿನ ಪದರ ಸಿಪ್ಪೆಯ ಹಾಗೆ ಏಳುತ್ತದೆ.

ಪ್ರೊಪೆಲ್ಲರ್ ಎಲೆಕ್ಟ್ರಿಕ್ ದೋಣಿಯದು ಆಗದು. ಉಗಿ ಎಂಜಿನ್ ನಿಧಾನಿ, ಅದಕ್ಕೆ 60–75 ಮಿ.ಮೀ.ನ, ಎಲೆ ಹೆಚ್ಚು ಓರೆಯಿರುವ ಹಿತ್ತಾಳೆಯದೇ ಬೇಕು.

ಅಲಂಕಾರದ ಕೆಲಸ

ಟಗ್ ದೋಣಿಯಾದರೆ ಯಂತ್ರ ಮುಚ್ಚಿಹೋಗುತ್ತದೆ, ತೆರೆದ ಲಾಂಚ್ ಆದರೆ ಯಂತ್ರವೇ ಅಲಂಕಾರ. 1:12 ಅಳತೆಯಲ್ಲಿ 11 ಮೀಟರ್ ಲಾಂಚ್ 92 ಸೆಂ.ಮೀ., ಆಳೆತ್ತರ 14 ಸೆಂ.ಮೀ., 10 ಸೆಂ.ಮೀ. ಹಲಗೆ 8 ಮಿ.ಮೀ. ಬಾಯ್ಲರಿಗೆ 2 ಮಿ.ಮೀ. ಸೆರಾಮಿಕ್ ಕಾಗದ ಸುತ್ತಿ, ಮೇಲೆ 5 × 1.5 ಮಿ.ಮೀ. ಮರದ ಪಟ್ಟಿ ಜೋಡಿಸಿ ಹಿತ್ತಾಳೆ ಪಟ್ಟಿ ಬಿಗಿಯಿರಿ. ಪೀಠೋಪಕರಣದ ಅಂಗಡಿಯಲ್ಲಿ ಉಳಿದ ಬೀಟೆಯ ಚೂರು ಇದಕ್ಕೆ ಹೇಳಿ ಮಾಡಿಸಿದ್ದು. ಪಟ್ಟಿಗಳನ್ನು ಅಂಟಿಸಬೇಡಿ, ಬಿಸಿಗೆ ಮರ ಕುಗ್ಗಿ ಅಂಟು ಬಿಡುತ್ತದೆ, ಹಿತ್ತಾಳೆ ಪಟ್ಟಿಯ ತಿರುಪನ್ನು ಆಮೇಲೆ ಇನ್ನೊಮ್ಮೆ ಬಿಗಿದರೆ ಸಂದು ಕೂಡಿಕೊಳ್ಳುತ್ತದೆ. ಉಗಿ ಪೈಪಿಗೆ ಬಿಳಿ ಹತ್ತಿ ದಾರ ಒತ್ತಾಗಿ ಸುತ್ತಿ ಬಿಳಿ ಬಣ್ಣ ಬಳಿಯಿರಿ. ನೋಡಲೂ ಹಡಗಿನ ಪೈಪು, ಕೈಯೂ ಸುಡುವುದಿಲ್ಲ. ಹೊಗೆಕೊಳವೆಗೆ ಬೈಕಿನ ಸೈಲೆನ್ಸರ್ ಪೇಂಟ್.

ನೀರು, ಎಣ್ಣೆ, ಕೆರೆ

ಗಂಗಾ ಸ್ನಾನ, ತುಂಗಾ ಪಾನ ಎನ್ನುವ ಊರಿನವರಿಗೆ ಬಾಯ್ಲರಿನ ಪಾನಕ್ಕೂ ಕೊರತೆಯಿಲ್ಲ. ಬೋರ್‌ವೆಲ್ ನೀರು ಒಳಗೆ ಬಿಳಿ ಗಟ್ಟಿ ಕಟ್ಟುತ್ತದೆ, ಅದು ಬೇಡ. ಆರಿದ್ರಾ ಮಳೆ ಹಿಡಿದು ಹಂಚು ತೊಳೆದ ಮೇಲೆ ಸೂರಿನ ನೀರನ್ನು ಬಟ್ಟೆಯಲ್ಲಿ ಸೋಸಿ ಕ್ಯಾನ್‌ಗಳಲ್ಲಿ ಇಟ್ಟುಕೊಂಡರೆ ವರ್ಷಕ್ಕಾಯಿತು.

ಸಿಲಿಂಡರಿಗೆ 460 ದರ್ಜೆಯ ಸ್ಟೀಮ್ ಆಯಿಲ್. ಗಾಡಿಯ ಎಂಜಿನ್ ಆಯಿಲ್ ಉಗಿಯ ನೀರಿನೊಂದಿಗೆ ಮಜ್ಜಿಗೆಯಂತಾಗುತ್ತದೆ. ಎಂಜಿನ್ನಿಗೆ ಹೋಗುವ ಉಗಿ ಪೈಪಿಗೆ ಕೂರಿಸಿದ ಎಣ್ಣೆಯ ಡಬ್ಬಿಯಲ್ಲಿ ಉಗಿ ನೀರಾಗಿ ತಳಕ್ಕಿಳಿದು ಎಣ್ಣೆಯನ್ನು ಮೇಲೆತ್ತಿ ಕಳಿಸುತ್ತದೆ. ಪ್ರತಿ ಓಟದ ನಂತರ ಆ ನೀರನ್ನು ಬಸಿಯದಿದ್ದರೆ ಮುಂದಿನ ಓಟಕ್ಕೆ ಎಣ್ಣೆಗೆ ಜಾಗವೇ ಇರುವುದಿಲ್ಲ.

ತೇಲಿಸಲು ಮಳೆಗಾಲದ ತುಂಗೆ ಬೇಡ. ಶರಾವತಿ ಹಿನ್ನೀರು ವಿಶಾಲ, ಆದರೆ ಮಧ್ಯಾಹ್ನದ ಗಾಳಿಗೆ ಅಲೆ ಏಳುತ್ತದೆ, ಬೇಸಿಗೆಯಲ್ಲಿ ನೀರಿಳಿದಾಗ ಮುಳುಗಿದ ಮರಗಳ ಬೊಡ್ಡೆ ಮೇಲೆ ಕಾಣುತ್ತದೆ, ಅರ್ಧ ಮುಳುಗಿದ್ದಾಗ ಕಾಣುವುದಿಲ್ಲ. ಬೆಳಗಿನ ಊರ ಕೆರೆಯೇ ವಾಸಿ, ಅಂತರಗಂಗೆ ಇಲ್ಲದ್ದು. ಎಂಜಿನ್ ಬಿಡುವ ಉಗಿಯನ್ನು ನೇರ ಹೊರಗೆ ಬಿಡದೆ ಒಂದು ಪುಟ್ಟ ಡಬ್ಬಿಯ ಮೂಲಕ ಹೊಗೆಕೊಳವೆಗೆ ಹಾಯಿಸಿ. ಎಣ್ಣೆ ಬೆರೆತ ನೀರು ಅಲ್ಲೇ ನಿಲ್ಲುತ್ತದೆ. ಅದೇ ಕೆರೆಯಲ್ಲಿ ಎಮ್ಮೆ ನೀರು ಕುಡಿಯುತ್ತದೆ, ಡಬ್ಬಿಯಲ್ಲಿ ನಿಂತದ್ದನ್ನು ದಂಡೆಯಲ್ಲಿ ಚೆಲ್ಲದೆ ಬಾಟಲಿಗೆ ಬಗ್ಗಿಸಿಕೊಂಡು ಮನೆಗೆ ತನ್ನಿ.